ಪೊರಕೆ ಕೋಲಿನ ಮೇಷ್ಟ್ರು

ಸಾಗಿಂಬೇಕ್ ಮಕ್ಕಳ ಬೆನ್ನು ಮುರಿಯುವವನು ಎಂದು ನಮ್ಮೂರು ತಾಸ್ಕೂದುಕಿನಲ್ಲಿ ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಅಂಗಡಿಯಲ್ಲಿ ಚಹಾಪುಡಿ ಕಟ್ಟಿಸಿಕೊಳ್ಳುತ್ತ ಆಡುತ್ತಾರೆ, ಮದುವೆ ಮನೆಯಲ್ಲಿ ಕುದುರೆ ಮಾಂಸ ಮೆಲ್ಲುತ್ತ ಆಡುತ್ತಾರೆ. ಅವರಲ್ಲಿ ಒಬ್ಬನಾದರೂ ನನ್ನೆದುರು ನಿಂತು ಆ ಮಾತು ಹೇಳಲಿ, ನೋಡೋಣ. ಹೇಳುವುದಿಲ್ಲ. ಈ ಬಾಲ್ಕಿಯಾಳ ಬಾಯಿ, ಅಂದರೆ ನನ್ನ ಬಾಯಿ, ಎಂಥದೆಂದು ಊರಿಗೆಲ್ಲ ಗೊತ್ತು. ಅದೇ ಬಾಯಿ ಮುಚ್ಚಬಾರದಾಗ ಮುಚ್ಚಿಕೊಂಡಿತ್ತು, ತೆರೆಯಬಾರದಾಗ ತೆರೆಯಿತು ಎಂಬುದು ಮಾತ್ರ ನಾನೇ ಹೇಳುವವರೆಗೆ ಊರಿಗೆ ಗೊತ್ತಿರಲಿಲ್ಲ. ಅದನ್ನು ಬಿಟ್ಟು ಸಾಗಿಂಬೇಕನ ಕಥೆ ಹೇಳಲು ಬರುವುದಿಲ್ಲ.

ನಾನು ಇಪ್ಪತ್ತೆಂಟು ವರ್ಷ ಊರಿನ ಆಡಳಿತ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಹುಟ್ಟು, ಸಾವು, ಮದುವೆ, ಎಲ್ಲ ನನ್ನ ಕೈ ಬರಹದಲ್ಲೇ ರಿಜಿಸ್ಟರಿಗೆ ಹೋಗಬೇಕು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಸೊಸೆಯ ಅಡುಗೆಯಲ್ಲಿ ಹುಳುಕು ಹುಡುಕುವುದಕ್ಕಿಂತ ವಾಸಿ ಎಂದು ಸಾಗಿಂಬೇಕನ ಜಾಗದಲ್ಲಿ ಕೀಲಿಕೈ, ಒಲೆ, ಕಸ ಗುಡಿಸುವ ಕೆಲಸ ಹಿಡಿದೆ. ಅವನ ಜಾಗವೆಂದರೆ ಹಳೆಯ ಉಣ್ಣೆ ಗೋದಾಮು. ಎಷ್ಟು ತೊಳೆದರೂ ಬೇಸಿಗೆಯಲ್ಲಿ ಕುರಿ ವಾಸನೆ ಏಳುತ್ತದೆ. ಅದರೊಳಗೆ ಅವನು ಊರಿನ ಮಕ್ಕಳಿಗೆ ಭಾರ ಎತ್ತುವುದನ್ನು ಹೇಳಿಕೊಡುತ್ತಿದ್ದ. ಬೆಳಿಗ್ಗೆ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ, ಮಧ್ಯಾಹ್ನದ ಮೇಲೆ ಮಕ್ಕಳು.

ಅವನು ನಡೆಯುವುದನ್ನು ದೂರದಿಂದ ನೋಡಿದರೂ ಗುರುತು ಸಿಗುತ್ತಿತ್ತು. ಎಡಕ್ಕೆ ವಾಲಿಕೊಂಡೇ ನಡೆಯುತ್ತಿದ್ದ. ಅವನಿಗೆ ಹದಿಮೂರಾಗಿದ್ದಾಗ ನಗರದಿಂದ ಒಬ್ಬ ತರಬೇತುದಾರ ಬಂದು, ಸಂತೆಯಲ್ಲಿ ಟಗರು ಆರಿಸುವ ಹಾಗೆ ಹುಡುಗರ ತೊಡೆ, ಬೆನ್ನು ಒತ್ತಿ ನೋಡಿ ಇವನನ್ನು ಕ್ರೀಡಾ ವಸತಿ ಶಾಲೆಗೆ ಕರೆದೊಯ್ದ. ಅಲ್ಲಿ ಶನಿವಾರ ಬಂತೆಂದರೆ ಎಲ್ಲ ಹುಡುಗರೂ ಸಾಲಾಗಿ ನಿಂತು, ಇನ್ನು ಆಗದು ಎನ್ನುವ ತೂಕದವರೆಗೆ ಎತ್ತಬೇಕು. ನೋವು ಎಂದವನನ್ನು ಎಲ್ಲರೂ ಸೇರಿ ಅಣಕಿಸಬೇಕು, ಅದೂ ಅಲ್ಲಿಯ ಪಾಠವೇ. ಹದಿನಾರನೆಯ ವಯಸ್ಸಿನಲ್ಲಿ ಒಂದು ಶನಿವಾರ ಅವನ ಸೊಂಟದೊಳಗೆ ಒಣ ಕೊಂಬೆ ಮುರಿದಂಥ ಸದ್ದಾಯಿತಂತೆ. ಶಾಲೆಯವರು ಅವನನ್ನು ಗೋಧಿ ಲಾರಿಯಲ್ಲಿ ಮೂಟೆಗಳ ಮೇಲೆ ಮಲಗಿಸಿ ಊರಿಗೆ ಕಳುಹಿಸಿದರು. ಅವನಮ್ಮ ನಮ್ಮ ಕಡೆಯ ನಾಟಿಮದ್ದೆಂದು ಕುರಿ ಕಡಿಸಿ, ಬಿಸಿ ಆರದ ಚರ್ಮದೊಳಗೆ ಮಗನನ್ನು ಸುತ್ತಿ ಹತ್ತು ದಿನ ಮಲಗಿಸಿದ್ದಳು. ಎದ್ದು ನಿಂತಾಗ ಎಡಕ್ಕೆ ವಾಲಿದ್ದ, ಮತ್ತೆ ನೇರವಾಗಲಿಲ್ಲ.

ಇಷ್ಟಾದವನು ಕಬ್ಬಿಣ ಕಂಡರೆ ಕಾರಿ ಉಗುಳಬೇಕಿತ್ತು. ಇವನು ಉಗುಳಲಿಲ್ಲ. ಒಂದು ಚಳಿಗಾಲ ಬಾಯ್ಲರ್ ಮನೆಯ ಹಿಂದೆ ಶಾಲೆಯ ಹುಡುಗರು ಪಂಥ ಕಟ್ಟಿಕೊಂಡು ಹಳೆಯ ಟ್ರ್ಯಾಕ್ಟರಿನ ಅಚ್ಚು ಎತ್ತುವುದನ್ನು ಕಂಡ. ಒಬ್ಬನ ಭುಜ ಕಣ್ಣೆದುರೇ ಕಳಚಿಕೊಂಡಿತು. ಮಕ್ಕಳು ಹೇಗಿದ್ದರೂ ಎತ್ತುತ್ತಾರೆ, ಅಡ್ಡಾದಿಡ್ಡಿ ಎತ್ತುವ ಬದಲು ಸರಿಯಾಗಿ ಎತ್ತಲಿ ಎಂದು ಅವತ್ತೇ ಊರ ಹಿರಿಯರ ಕೈಕಾಲು ಹಿಡಿದು ಗೋದಾಮು ಕೇಳಿಕೊಂಡ. ನೀರಿನ ಪೈಪು ಕತ್ತರಿಸಿ ತಾನೇ ಸರಳು ಮಾಡಿದ, ಹಾಳುಬಿದ್ದ ಯಂತ್ರಗಳ ಕಬ್ಬಿಣದಿಂದ ಅದರ ತುದಿಗೆ ಸಿಕ್ಕಿಸುವ ಭಾರದ ಬಿಲ್ಲೆ ಬೆಸೆದ. ಮಕ್ಕಳು ಓಡಿ ಬಂದರು. ಬಂದವರ ಕೈಗೆ ಅವನು ಕೊಟ್ಟದ್ದು ಪೊರಕೆಯ ಕೋಲು!

ಹೌದು, ಬರಿಯ ಪೊರಕೆ ಕೋಲು. ಕಾಲು ಎಲ್ಲಿಡಬೇಕು, ಸೊಂಟ ಹೇಗೆ ಬಾಗಬೇಕು, ಬೆನ್ನು ಹೇಗೆ ಬಾಗಬಾರದು, ಉಸಿರು ಯಾವಾಗ ಬಿಡಬೇಕು, ಎಲ್ಲ ಆ ಕೋಲಿನಲ್ಲೇ. ತಿಂಗಳುಗಟ್ಟಲೆ. ಊರು ಬಿದ್ದು ಬಿದ್ದು ನಕ್ಕಿತು. ಪೊರಕೆ ಮೇಷ್ಟ್ರು ಎಂಬ ಹೆಸರು ಆಗ ಅಂಟಿದ್ದು.

ನಾನೂ ಒಂದು ದಿನ ರೇಗಿಸಿದೆ. "ಅಲ್ಲಯ್ಯಾ, ಇಷ್ಟು ಕೋಲು ಹಿಡ್ಕೊಂಡಿದೀಯ, ನನ್ನ ಅಂಗಳಾನಾದ್ರೂ ಗುಡಿಸಿಕೊಟ್ಟು ಹೋಗು."

"ಗುಡಿಸ್ತೀನಿ ಅಕ್ಕಾ. ಮೊದ್ಲು ನೀವು ಬಗ್ಗೋದನ್ನ ಕಲೀರಿ. ನೀವು ಬಕೆಟ್ ಎತ್ತೋದು ನೋಡಿದ್ರೆ ನನ್ನ ಸೊಂಟ ನೋಯುತ್ತೆ," ಎಂದ. ಅವನ ಬಾಯಿಯೂ ಕಡಿಮೆಯದಲ್ಲ.

ತಾಯಂದಿರಿಗೆ ಒಂದು ಭಯ, ಅಪ್ಪಂದಿರಿಗೆ ಒಂದು ಆಸೆ. ಭಾರ ಎತ್ತಿದರೆ ಹುಡುಗ ಕುಳ್ಳನಾಗುತ್ತಾನಂತಲ್ಲ ಎಂದು ತಾಯಂದಿರು ಬರುವರು. ನೂರು ಕಿಲೋ ಯಾವಾಗ ಎತ್ತುತ್ತಾನೆ ಎಂದು ಅಪ್ಪಂದಿರು ಬರುವರು. "ನಿಮ್ಮ ಮಗ ಬಾವಿಯಿಂದ ನೀರು ಹೊರಲ್ವೇನಮ್ಮಾ? ಕುರಿ ಎತ್ತಿ ಗಾಡಿಗೆ ಹಾಕಲ್ವಾ? ಹಗುರವಾಗಿ, ಸರಿಯಾಗಿ ಎತ್ತಿದ್ರೆ ಮೂಳೆ ಗಟ್ಟಿಯಾಗುತ್ತೆ. ಯಾರೂ ಕುಳ್ಳಾಗಲ್ಲ," ಎಂದು ತಾಯಂದಿರನ್ನು ಸಮಾಧಾನ ಮಾಡುತ್ತಿದ್ದ. ಅಪ್ಪಂದಿರಿಗೆ ಸಮಾಧಾನವಿಲ್ಲ, ಅಂಗಿಯನ್ನು ಮೇಲೆತ್ತಿ ತನ್ನ ಸೊಂಟದ ತಿರುಚನ್ನು ತೋರಿಸುತ್ತಿದ್ದ. ಅವರು ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದರು.

ಅವನ ಕಟ್ಟಳೆಗಳು ನನಗೆ ಬಾಯಿಪಾಠ. ಕೋಲಾದ ಮೇಲೆ ಖಾಲಿ ಪೈಪು, ಪೈಪಾದ ಮೇಲೆ ಅಂಗೈ ಅಗಲದ ಬಿಲ್ಲೆ. ಎತ್ತುವ ಭಾರವನ್ನು ಹತ್ತು ಸಲ ಭಂಗಿ ಕೆಡದೆ ಎತ್ತಲಾಗಬೇಕು, ಆಗದಿದ್ದರೆ ಬಿಲ್ಲೆ ಕಳಚು. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ಅವನು ಕಣ್ಣೆದುರು ಇಲ್ಲದಿದ್ದರೆ ಯಾರೂ ಸರಳು ಮುಟ್ಟುವಂತಿಲ್ಲ. ನೋವು ಎಂದು ಹೇಳಿದ ಮಗುವನ್ನು ಎಲ್ಲರೆದುರು ಕರೆದು ಬೆನ್ನು ತಟ್ಟಿ, ಜೇಬಿನಿಂದ ಒಂದು ಒಣ ಮೊಸರಿನ ಉಂಡೆ ತೆಗೆದು ಕೊಡುತ್ತಿದ್ದ. ಉಂಡೆಯ ಆಸೆಗೆ ಸುಳ್ಳು ನೋವು ಹೇಳುವ ಕಳ್ಳರೂ ಇದ್ದರು. ಅವರಿಗೂ ಕೊಡುತ್ತಿದ್ದ. ಕಡೆಯದು ದೊಡ್ಡ ಕಟ್ಟಳೆ. ಹದಿನಾಲ್ಕು ತುಂಬುವವರೆಗೆ ಯಾವ ಮಗುವೂ ತನ್ನ ಪೂರ್ತಿ ಶಕ್ತಿ ಹಾಕಿ ಎತ್ತುವ ಹಾಗಿಲ್ಲ. ಯಾರು ಬಂದು ಹೇಳಿದರೂ ಇಲ್ಲ.

ಗೋದಾಮಿನ ಬಾಗಿಲಿನ ಎಡಗಡೆಯ ಚೌಕಟ್ಟಿನಲ್ಲಿ ಪೆನ್ಸಿಲಿನ ಗೆರೆಗಳಿದ್ದವು. ತಿಂಗಳ ಮೊದಲ ದಿನ ಮಕ್ಕಳನ್ನೆಲ್ಲ ಅಲ್ಲಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು ಗೆರೆ ಎಳೆಯುತ್ತಿದ್ದ. ಯಾರ ಗೆರೆ ದಡದಡ ಮೇಲೇರುತ್ತಿದೆಯೋ ಅವರ ಬಿಲ್ಲೆಗಳನ್ನು ಇಳಿಸುತ್ತಿದ್ದ. ಮೂಳೆ ಓಡುವಾಗ ಮಾಂಸ ಹಿಂದೆ ಬೀಳುತ್ತದೆ, ಆಗ ಭಾರ ಹಾಕಬಾರದು ಎನ್ನುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಮಗುವಿಗೂ ಬೆರಳು ಉಳುಕಿದ್ದಿಲ್ಲ. ಅವನಿಗೆ ಹೆಂಡತಿ ಮಕ್ಕಳಿಲ್ಲ, ಇದ್ದದ್ದು ಅದೊಂದೇ ಹೆಮ್ಮೆ.

ಅಕ್ಮರಾಲಳನ್ನು ಗೋದಾಮಿಗೆ ಕರೆತಂದವರು ಅವಳ ತಾತ. ಅವರ ಹೆಸರನ್ನು ನಾನು ಹೇಳುವಂತಿಲ್ಲ. ನನ್ನ ಗಂಡನ ದೊಡ್ಡಪ್ಪನ ಮಗ, ನನಗೆ ಹಿರಿಭಾವ. ಗಂಡನ ಕಡೆಯ ಹಿರಿಯರ ಹೆಸರು ಸೊಸೆಯ ಬಾಯಲ್ಲಿ ಬರಬಾರದು, ಅವರ ಮಾತಿಗೆ ಎದುರು ಮಾತು ಆಡಬಾರದು. ಗಂಡ ಸತ್ತು ಹದಿನೈದು ವರ್ಷವಾದರೂ ನಾನು ಆ ಮನೆತನಕ್ಕೆ ಸೊಸೆಯೇ. ನಮ್ಮ ಮನೆಯಲ್ಲಿ ಅವರನ್ನು ಕುದುರೆ ಮನೆಯವರು ಎನ್ನುತ್ತೇವೆ.

ಕುದುರೆ ಮನೆಯವರು ಅವತ್ತು ಬಾಗಿಲಲ್ಲೇ ನಿಂತು ಕೋಲು ಹಿಡಿದ ಮಕ್ಕಳನ್ನು ನೋಡಿ, "ಏನಪ್ಪಾ, ಪೊರಕೆ ಹಿಡಿಯೋಕೆ ನನ್ನ ಮನೇಲಿ ಸೊಸೆ ಇದಾಳೆ. ಇವಳಿಗೆ ಕಬ್ಬಿಣ ಕೊಡು," ಎಂದರು.

"ಕಬ್ಬಿಣ ಎಲ್ಲೂ ಓಡಿ ಹೋಗಲ್ಲ ಹಿರಿಯರೇ. ವಯಸ್ಸೆಷ್ಟು?"

"ಹನ್ನೊಂದು."

ಸಾಗಿಂಬೇಕ್ ಹುಟ್ಟಿದ ಕಾಗದ ಕೇಳಿದ. ಕಾಗದದ ಪ್ರಕಾರ ಒಂಬತ್ತೂವರೆ. ನಮ್ಮ ಮುದುಕರ ಲೆಕ್ಕವೇ ಹಾಗೆ, ಹೊಟ್ಟೆಯಲ್ಲಿದ್ದ ತಿಂಗಳುಗಳಿಗೆ ಒಂದು ವರ್ಷ, ಹೊಸ ವರ್ಷ ದಾಟಿದ್ದಕ್ಕೆ ಒಂದು. ಸಾಗಿಂಬೇಕನಿಗೆ ಅದು ಗೊತ್ತಿದ್ದದ್ದರಿಂದಲೇ ಬಾಯಿಮಾತು ನಂಬದೆ ಎಲ್ಲರಿಗೂ ಕಾಗದ ಕೇಳುತ್ತಿದ್ದ. ಕಾಗದದ ಕೆಳಗಿದ್ದ ಸಹಿ ನನ್ನದು.

ಆ ಸಹಿ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಬೇಸಿಗೆ, ಕಚೇರಿಯ ಕಿಟಕಿಗೆ ನೊಣ ಮುತ್ತಿತ್ತು. ಕುದುರೆ ಮನೆಯವರು ಮಗುವನ್ನು ಎತ್ತಿಕೊಂಡು ಬಂದು ಕೂತರು. ಮಗ ಸೊಸೆಯ ಮೊದಲ ಕೂಸು, ನಮ್ಮಲ್ಲಿ ಮೊದಲ ಮೊಮ್ಮಗು ಅಜ್ಜ ಅಜ್ಜಿಗೇ ಸೇರಬೇಕಾದದ್ದು, ಹಾಗಾಗಿ ತಮ್ಮ ಮಗಳೆಂದೇ ಬರೆಸಲು ಬಂದಿದ್ದರು. ಚಳಿಗಾಲದ ಹುಲ್ಲುಗಾವಲಿನಲ್ಲಿ ಹುಟ್ಟಿದ ಕೂಸು, ಹಿಮದಿಂದ ದಾರಿ ಮುಚ್ಚಿ ಆಸ್ಪತ್ರೆಗೆ ಹೋಗಲಾಗಿರಲಿಲ್ಲ. ಆಸ್ಪತ್ರೆಯ ಚೀಟಿ ಇಲ್ಲ, ಸಾಕ್ಷಿಗೆ ಇಬ್ಬರು ಕುರುಬರು ಮಾತ್ರ.

"ಬರ್ಕೊ ಸೊಸೆ. ಹುಡುಗಿ ಹಿಮಚಿರತೆ ವರ್ಷದೋಳು. ಫೆಬ್ರವರಿ ಇಪ್ಪತ್ತೇಳು," ಎಂದರು.

ನಮ್ಮಲ್ಲಿ ಹನ್ನೆರಡು ವರ್ಷದ ಸುತ್ತಿನಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿಯ ಹೆಸರು. ಯಾವ ಪ್ರಾಣಿಯ ವರ್ಷ ಯಾವ ಇಸವಿ ಎಂಬ ಪಟ್ಟಿ ನನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿತ್ತು. ಹಿಮಚಿರತೆಯ ಎದುರು 2010 ಎಂದಿತ್ತು. 2010, ಫೆಬ್ರವರಿ 27 ಎಂದು ಬರೆದೆ. ಆಗ ನಡೆಯುತ್ತಿದ್ದದ್ದು 2012ರ ಜೂನ್. ಅಂದರೆ ಮಗುವಿಗೆ ಎರಡು ದಾಟಿ ನಾಲ್ಕು ತಿಂಗಳು. ತಲೆಯೆತ್ತಿ ಮಗುವನ್ನು ನೋಡಿದೆ. ಮೇಜಿನ ಅಂಚು ಹಿಡಿದು ತಟ್ಟಾಡುತ್ತ ನಿಂತಿತ್ತು, ಬಾಯಲ್ಲಿ ನಾಲ್ಕಾರು ಹಲ್ಲು, ಮಾತು ಒಂದೂ ಇಲ್ಲ. ನನ್ನ ಇಬ್ಬರು ಮಕ್ಕಳು ಎರಡು ತುಂಬುವ ಹೊತ್ತಿಗೆ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದವು. ಇಷ್ಟು ಚಿಕ್ಕದಾ ಎಂದು ಮನಸ್ಸಿಗೆ ಬಂತು. ಯಾವ ಚಳಿಗಾಲ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹಿರಿಭಾವನ ಮಾತನ್ನು ಸೊಸೆ ತಿರುಗಿ ಕೇಳುವುದುಂಟೇ? ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು ಮೊಹರು ಒತ್ತಿದೆ.

ಅಕ್ಮರಾಲ್ ನಾಲ್ಕು ವರ್ಷ ಗೋದಾಮಿಗೆ ಬಂದಳು. ಮಾತು ಕಡಿಮೆ, ಕಣ್ಣು ಚುರುಕು. ತಾತನನ್ನು ಅಪ್ಪ ಎನ್ನುತ್ತಿದ್ದಳು, ಹೆತ್ತ ತಾಯಿಯನ್ನು ಅತ್ತಿಗೆ ಎನ್ನುತ್ತಿದ್ದಳು. ಕೋಲು ಹಿಡಿದು ಎಂಟು ತಿಂಗಳು ಕಳೆದಳು, ಒಂದು ದಿನವೂ ಬೇಜಾರು ಎನ್ನಲಿಲ್ಲ. ಬೇರೆ ಮಕ್ಕಳು ಮೇಷ್ಟ್ರು ಬೆನ್ನು ತಿರುಗಿಸಿದೊಡನೆ ಕೋಲಿನಿಂದ ಕತ್ತಿವರಸೆ ಆಡಿದರೆ ಇವಳು ಕನ್ನಡಿಯೆದುರು ನಿಂತು ತನ್ನ ಮೊಣಕಾಲು ನೋಡಿಕೊಳ್ಳುವಳು. ಕೆಲಸ ಮುಗಿದ ಮೇಲೆ ನನ್ನ ಜೊತೆ ಒಲೆಯ ಬೂದಿ ತೆಗೆಯುವಳು. "ಅಜೆ, ನೀವು ಬಗ್ಗಬೇಡಿ, ನಾನು ಎತ್ತುತೀನಿ," ಎನ್ನುವಳು. ಅಜೆ ಎಂದರೆ ಅಜ್ಜಿ. ಬೂದಿಯ ಬಕೆಟನ್ನು ಅವಳು ಎತ್ತುವ ಚೆಂದ ನೋಡಿ ನನಗೆ ದೃಷ್ಟಿಯಾದೀತೆಂದು ಭಯವಾಗಿ ಥೂ ಥೂ ಎಂದು ಉಗುಳುತ್ತಿದ್ದೆ.

ಕುದುರೆ ಮನೆಯವರಿಗೆ ಒಂದೇ ಆಸೆ. ತಾವು ಕಣ್ಣು ಮುಚ್ಚುವುದರೊಳಗೆ ಹುಡುಗಿ ನಗರದ ಕ್ರೀಡಾ ಶಾಲೆ ಸೇರಬೇಕು. ಅಲ್ಲಿಗೆ ಆರಿಸುವುದು ಏಪ್ರಿಲ್ ಜಿಲ್ಲಾ ಪಂದ್ಯದಲ್ಲಿ. ವಾರಕ್ಕೊಮ್ಮೆ ಬಂದು ಮೇಷ್ಟ್ರನ್ನು ಕುಟುಕುವರು. "ಇನ್ನೂ ಆಟದ ಬಿಲ್ಲೇನೇನಯ್ಯಾ? ನನ್ನ ಮಗಳು ಇದನ್ನ ಕಿವಿಗೆ ಓಲೆ ಮಾಡ್ಕೋತಾಳೆ."

"ಫೆಬ್ರವರಿ ಇಪ್ಪತ್ತೇಳಕ್ಕೆ ಹದಿನಾಲ್ಕು ತುಂಬುತ್ತೆ ಹಿರಿಯರೇ. ಅವತ್ತು ಬನ್ನಿ."

ಆ ಚಳಿಗಾಲದಲ್ಲಿ ಅವಳ ಗೆರೆ ಬಾಗಿಲ ಮೇಲೆ ಓಡತೊಡಗಿತು. ಡಿಸೆಂಬರಿನಿಂದ ಫೆಬ್ರವರಿಗೆ ಎರಡು ಬೆರಳಿಗಿಂತ ಹೆಚ್ಚು. ಅಂಗಿಯ ತೋಳು ಮೊಣಕೈಗೆ ಬಂತು. ಫೆಬ್ರವರಿ ಒಂದರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಸಾಗಿಂಬೇಕ್ ಬಹಳ ಹೊತ್ತು ಬಾಗಿಲ ಹತ್ತಿರ ನಿಂತಿದ್ದ. ನಾನು ಗುಡಿಸುತ್ತಿದ್ದೆ.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೈಬೇಡಿ."

"ಕೇಳೋ ಮೊದ್ಲೇ ಬೈಯ್ಯೋಕೆ ನನಗೇನು ಹುಚ್ಚಾ? ಕೇಳು."

"ಅಕ್ಮರಾಲ್ ಹುಟ್ಟಿದ ಇಸವಿ ಸರಿಯಾಗಿದೆಯಾ? ಹದಿನಾಲ್ಕಕ್ಕೆ ಬರೋ ಹೆಣ್ಣುಮಕ್ಕಳು ಸಾಮಾನ್ಯವಾಗಿ ಈ ಓಟ ಮುಗಿಸಿರ್ತಾರೆ. ಇವಳು ಈಗ ಶುರು ಮಾಡಿದಾಳೆ. ನೀವೇ ಬರೆದಿದ್ದಲ್ವಾ, ಅದಕ್ಕೇ ಕೇಳಿದೆ."

ಮೇಜಿನ ಅಂಚು ಹಿಡಿದು ತಟ್ಟಾಡುತ್ತಿದ್ದ ಕೂಸು ಕಣ್ಣೆದುರು ಬಂದು ನಿಂತಿತು. ನನಗಾದ ಭಯ ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿ ಬಂತು.

"ಇಪ್ಪತ್ತೆಂಟು ವರ್ಷ ಕಣಯ್ಯಾ! ಇಪ್ಪತ್ತೆಂಟು ವರ್ಷ ನನ್ನ ರಿಜಿಸ್ಟರಿಗೆ ಒಬ್ಬ ಬೆರಳು ತೋರಿಸಿಲ್ಲ. ಈಗ ನೀನು ಬಂದೆಯಾ ಪೊರಕೆ ಹಿಡ್ಕೊಂಡು? ನಿನ್ನ ಬಾಗಿಲು ದೊಡ್ಡದಾ, ಸರ್ಕಾರದ ಮೊಹರು ದೊಡ್ಡದಾ?"

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. "ಸರಿ ಬಿಡಿ ಅಕ್ಕಾ. ನೀವು ಬರೆದಿದ್ದು ಅಂದ್ರೆ ಸರಿಯಾಗೇ ಇರುತ್ತೆ," ಎಂದು ಕೋಟು ಹಾಕಿಕೊಂಡು ಹೊರಟ. ಅವನು ವ್ಯಂಗ್ಯವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಂಬಿಬಿಟ್ಟ. ನಾನು ಅವತ್ತು ಗುಡಿಸಿದ್ದ ನೆಲವನ್ನೇ ಮತ್ತೆ ಗುಡಿಸಿದೆ.

ಫೆಬ್ರವರಿ ಇಪ್ಪತ್ತೇಳಕ್ಕೆ ಕುದುರೆ ಮನೆಯವರು ಒಂದು ತಟ್ಟೆ ಕರಿದ ಹಿಟ್ಟಿನುಂಡೆ ಹೊರಿಸಿಕೊಂಡು ಬಂದು ಎಲ್ಲರಿಗೂ ಹಂಚಿದರು. ಸಾಗಿಂಬೇಕ್ ಮಾತಿಗೆ ತಪ್ಪಲಿಲ್ಲ, ಮಾರನೆಯ ದಿನದಿಂದ ಹುಡುಗಿಗೆ ದೊಡ್ಡ ಬಿಲ್ಲೆಗಳು ಬಂದವು. ಆಗಲೂ ಅವನು ಒಮ್ಮೆಗೇ ಏರಿಸಲಿಲ್ಲ, ಏಳು ವಾರಕ್ಕೆ ಹಂಚಿ ಏರಿಸಿದ. ಭಂಗಿ ಒಂದಿಷ್ಟೂ ಕೆಡುತ್ತಿರಲಿಲ್ಲ ಅವಳದು. ದಿನವೂ ಕೇಳುತ್ತಿದ್ದ, "ಎಲ್ಲಾದ್ರೂ ನೋವಿದೆಯೇನಮ್ಮಾ?" ಅವಳು ಇಲ್ಲ ಅಗಾಯ್ ಎನ್ನುವಳು. ಮಕ್ಕಳು ಮೇಷ್ಟ್ರನ್ನು ಹಾಗೆಯೇ ಕರೆಯುವುದು. ಮಾರ್ಚಿಯಿಡೀ ಅವಳು ಒಂದು ಮೊಸರುಂಡೆಯನ್ನೂ ತೆಗೆದುಕೊಳ್ಳಲಿಲ್ಲ. ಬೂದಿಯ ಬಕೆಟನ್ನು ಎಡಗೈ ಬದಲು ಬಲಗೈಯಲ್ಲಿ ಹಿಡಿಯತೊಡಗಿದ್ದಳು. ನಾನು ನೋಡಿದ್ದೆ, ಅದರಲ್ಲಿ ಏನಿದೆ ಎಂದುಕೊಂಡೆ.

ಏಪ್ರಿಲ್ ಪಂದ್ಯಕ್ಕೆ ನಾನೂ ಹೋಗಿದ್ದೆ. ಜಿಲ್ಲೆಯ ದೊಡ್ಡ ಸಭಾಂಗಣ, ನಾಲ್ಕೂರಿನ ಜನ. ಪ್ರತಿಯೊಬ್ಬರಿಗೂ ಮೂರು ಅವಕಾಶ. ಅಕ್ಮರಾಲ್ ಮೂವತ್ತೆಂಟು ಕಿಲೋವನ್ನು ಟವೆಲ್ ಎತ್ತುವ ಹಾಗೆ ಎತ್ತಿದಳು. ನಲವತ್ತೊಂದನ್ನೂ ಎತ್ತಿದಳು. ಸಾಗಿಂಬೇಕ್ ಸಾಕು ಎಂದು ಕೋಟು ಹೊದಿಸಿದ. ಆಯ್ಕೆಯವನು ಮೇಜಿನಿಂದಲೇ ಕೂಗಿದ, ನಗರದ ಶಾಲೆಗೆ ನಲವತ್ತನಾಲ್ಕು ಬೇಕು ಎಂದು.

ಮುಂದಿನ ಸಾಲಿನಲ್ಲಿದ್ದ ಕುದುರೆ ಮನೆಯವರು ಎದ್ದು ನಿಂತರು. "ಏನಯ್ಯಾ, ಮೂರು ಕಿಲೋಗೆ ನನ್ನ ಮಗಳನ್ನ ವಾಪಸ್ ಕರ್ಕೊಂಡು ಹೋಗ್ತೀಯಾ? ಹದಿನಾಲ್ಕು ತುಂಬಲಿ ಅಂದೆ, ತುಂಬಿತು. ಇನ್ನೇನು ಬೇಕು ನಿನಗೆ?"

ಸಾಗಿಂಬೇಕ್ ಮಂಡಿಯೂರಿ ಕೂತು ಹುಡುಗಿಯ ಕಣ್ಣನ್ನೇ ನೋಡಿದ. "ನನಗೆ ಹೇಳಮ್ಮಾ. ಅಪ್ಪನ ಕಡೆ ನೋಡಬೇಡ, ನನ್ನ ನೋಡು. ನೋವಿದೆಯಾ?"

ಅವಳು ತಲೆಯಾಡಿಸಿದಳು. ಇಲ್ಲ.

ನಲವತ್ತನಾಲ್ಕನ್ನು ಎತ್ತಿದಳು. ತಲೆಯ ಮೇಲೆ ನೇರವಾಗಿ ಹಿಡಿದು ನಿಂತಳು, ಸರಿಯಾಗಿ ಎತ್ತಿದಳೆಂದು ತೀರ್ಪುಗಾರರ ಮೂರೂ ಬಿಳಿ ದೀಪ ಹತ್ತಿದವು, ಜನ ಚಪ್ಪಾಳೆ ತಟ್ಟಿತು. ಕುದುರೆ ಮನೆಯವರು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಅವಳು ಸರಳನ್ನು ಕೆಳಗಿಟ್ಟಳು, ತಾನೂ ಅದರ ಪಕ್ಕ ಮೆಲ್ಲಗೆ ಕೂತಳು, ಮತ್ತೆ ಏಳಲಿಲ್ಲ. ನಗುತ್ತಲೇ ಇದ್ದಳು, ಏಳಲು ನೋಡಿದಳು, ಕಾಲು ಬರಲಿಲ್ಲ. ಸಾಗಿಂಬೇಕ್ ಓಡಿ ಬಂದು ಬಾಗಿದಾಗ ಅವಳು ಅವನ ಕಿವಿಯ ಹತ್ತಿರ, "ನೋವಾಗ್ತಿದೆ ಅಗಾಯ್. ಮೂರು ವಾರದಿಂದ ಇತ್ತು," ಎಂದಳು. ಅವನ ಕೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಯಿತು. ಒಂದು ಮೊಸರುಂಡೆ ತೆಗೆದು ಅವಳ ಅಂಗೈಯಲ್ಲಿಟ್ಟ. ಇಟ್ಟವನು ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ.

ಆಸ್ಪತ್ರೆಯ ವೈದ್ಯೆ ಗಟ್ಟಿಗಿತ್ತಿ, ಯಾರ ಮುಲಾಜೂ ಇಲ್ಲದವಳು. ಸೊಂಟದ ಮೂಳೆಯಲ್ಲಿ ವಾರಗಳ ಹಿಂದೆಯೇ ಬಿರುಕು ಬಿಟ್ಟಿತ್ತು, ಅವತ್ತು ಅದು ಜರುಗಿ ಕಾಲಿನ ನರ ಹಿಡಿದಿದೆ ಎಂದಳು. ನಡೆಯಬಲ್ಲಳು, ಆದರೆ ಇನ್ನು ಭಾರದ ಮಾತೇ ಬೇಡ. ಆಮೇಲೆ ಹುಡುಗಿಯ ಕೈಯ ಎಕ್ಸರೇ ಹಿಡಿದು ನಮ್ಮ ಕಡೆ ತಿರುಗಿದಳು. "ಹದಿನಾಲ್ಕು ಅಂತ ಯಾರು ಹೇಳಿದ್ದು? ಈ ಮಣಿಕಟ್ಟು ನೋಡಿ. ಈ ಮಗುಗೆ ಹದಿಮೂರು ಆಗಿದ್ರೆ ಹೆಚ್ಚು. ಜೋರಾಗಿ ಬೆಳೀತಿರೋ ಹೊತ್ತಲ್ಲಿ ಇಂಥ ಭಾರ ಹೇರಿದೀರಲ್ಲ, ನೀವು ಮನುಷ್ಯರೇನ್ರೀ?"

ಆ ಕಾರಿಡಾರಿನಲ್ಲಿ ನಿಂತು ನನಗೆ ಎಲ್ಲ ತಿಳಿಯಿತು. ನನ್ನ ಗೋಡೆಯ ಪಟ್ಟಿಯಲ್ಲಿ ವರ್ಷ ಜನವರಿಗೆ ಬದಲಾಗುತ್ತದೆ. ಮುದುಕರ ಲೆಕ್ಕದಲ್ಲಿ ಪ್ರಾಣಿ ಬದಲಾಗುವುದು ಮಾರ್ಚಿ ಇಪ್ಪತ್ತೆರಡಕ್ಕೆ, ನೌರಿಜ್ ಹಬ್ಬದ ದಿನ. 2011ರ ಫೆಬ್ರವರಿಯಲ್ಲಿ ಕಚೇರಿಯ ಪಟ್ಟಿಗೆ ಮೊಲದ ವರ್ಷ ಬಂದಾಗಿತ್ತು, ಹುಲ್ಲುಗಾವಲಿನ ಕುರುಬನಿಗೆ ಇನ್ನೂ ಹಿಮಚಿರತೆಯೇ ನಡೆಯುತ್ತಿತ್ತು. ಹಿರಿಭಾವ ಸುಳ್ಳು ಹೇಳಿರಲಿಲ್ಲ. ನಾನು ಅವರ ಮಾತನ್ನು ನನ್ನ ಪಟ್ಟಿಯಲ್ಲಿ ಹುಡುಕಿ ಮಗುವಿನ ಮೈಗೆ ಒಂದು ವರ್ಷ ಸುಳ್ಳೇ ಹೇರಿದ್ದೆ. ನಮ್ಮೂರಿನ ಪ್ರತಿಯೊಬ್ಬ ಮುದುಕಿಗೂ ಗೊತ್ತಿರುವ ಲೆಕ್ಕ ಅದು. ನನಗೂ ಗೊತ್ತಿತ್ತು.

ಹತ್ತು ದಿನಕ್ಕೆ ಊರಿನ ಸಭೆ ಸೇರಿತು. ಜಿಲ್ಲೆಯಿಂದ ಕ್ರೀಡಾ ಅಧಿಕಾರಿ ಬಂದಿದ್ದ. ಗೌರವದ ಜಾಗದಲ್ಲಿ ಕುದುರೆ ಮನೆಯವರು, ಬಾಗಿಲ ಹತ್ತಿರ ಸಾಗಿಂಬೇಕ್. ಹೆಂಗಸರು ಹಿಂದೆ.

"ಸಣ್ಣ ವಯಸ್ಸಲ್ಲಿ ತನ್ನ ಬೆನ್ನು ಮುರ್ಕೊಂಡ, ಈಗ ನನ್ನ ಮಗಳದ್ದು ಮುರಿದ!" ಎಂದು ಕುದುರೆ ಮನೆಯವರು ಕೋಲು ಕುಟ್ಟಿದರು. "ಹೊಟ್ಟೆಕಿಚ್ಚು ಇವನಿಗೆ. ತಾನು ಏರದ ವೇದಿಕೆ ಬೇರೆಯೋರು ಏರಬಾರದು."

ಅಧಿಕಾರಿ ಸಾಗಿಂಬೇಕನನ್ನು ಕೇಳಿದ, ಏನಾದರೂ ಹೇಳುವುದಿದೆಯೇ ಎಂದು.

"ಇಲ್ಲ. ನನ್ನ ಕೈಲೇ ಆದದ್ದು," ಎಂದ ಅವನು.

ಅಷ್ಟೇ. ಕಾಗದ ಎನ್ನಲಿಲ್ಲ, ಅಕ್ಕನನ್ನು ಕೇಳಿದ್ದೆ ಎನ್ನಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಎದ್ದು ನಿಂತೆ.

"ತಪ್ಪು ಅವನದಲ್ಲ. ನನ್ನದು."

"ಕೂತ್ಕೊ ಸೊಸೆ," ಎಂದರು ಹಿರಿಭಾವ, ತಿರುಗದೆ. "ಗಂಡಸರು ಮಾತಾಡ್ತಿದಾರೆ."

ನಲವತ್ತಾರು ವರ್ಷದಿಂದ ನಾಲಿಗೆಯ ಹಿಂದೆ ಕಟ್ಟಿಟ್ಟಿದ್ದ ಹೆಸರು ಅದು. ಅವತ್ತು ಹೊರಗೆ ಬಂತು.

"ಜುಮಾದಿಲ್!" ಎಂದೆ. "ಜುಮಾದಿಲ್, ಈ ಸಲ ನಾನು ಕೂರಲ್ಲ. ನಿಮ್ಮ ಹುಡುಗಿ ಹುಟ್ಟಿದ್ದು ಯಾವ ಚಳಿಗಾಲದಲ್ಲಿ? ನೌರಿಜ್ ಹತ್ತಿರ ಬಂದಿತ್ತಲ್ಲ, ಅದು ಹತ್ತನೇ ಇಸವಿಯ ನೌರಿಜಾ, ಹನ್ನೊಂದರದ್ದಾ? ಅವತ್ತು ಇದನ್ನ ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳ್ತಿದೀನಿ."

ಮುದುಕರ ಮುಖ ಬೂದಿಯಾಯಿತು, ನನ್ನ ಪ್ರಶ್ನೆಗೋ ಹೆಸರಿಗೋ ಗೊತ್ತಿಲ್ಲ. ಉತ್ತರ ಬಂದದ್ದು ಹಿಂದಿನಿಂದ. ಹುಡುಗಿಯ ಹೆತ್ತ ತಾಯಿ, ಹದಿನಾಲ್ಕು ವರ್ಷದಲ್ಲಿ ಮಾವನೆದುರು ಒಂದು ಮಾತನ್ನೂ ಗಟ್ಟಿಯಾಗಿ ಆಡದವಳು, ನೆಲ ನೋಡುತ್ತ ಹೇಳಿದಳು. "ಹನ್ನೊಂದರದ್ದು. ನನಗೆ ಗೊತ್ತಿತ್ತು. ಯಾರೂ ನನ್ನ ಕೇಳಲಿಲ್ಲ."

ನಾನು ಉಳಿದದ್ದನ್ನೂ ಹೇಳಿದೆ, ಗೋಡೆಯ ಪಟ್ಟಿ, ತಟ್ಟಾಡುತ್ತಿದ್ದ ಕೂಸು, ಫೆಬ್ರವರಿಯಲ್ಲಿ ಸಾಗಿಂಬೇಕ್ ಕೇಳಿದ ಮಾತು, ನಾನು ಬೈದದ್ದು. ಹೇಳಿದರೆ ಅವನು ಉಳಿದುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅಧಿಕಾರಿ ಎಲ್ಲ ಕೇಳಿ, ಕಾಗದ ಏನೇ ಇರಲಿ, ಭಾರ ಹಾಕಿದ್ದು ಮೇಷ್ಟ್ರಲ್ಲವೇ ಎಂದ.

"ಸರಿಯಾಗೇ ಹೇಳಿದ್ರಿ," ಎಂದ ಸಾಗಿಂಬೇಕ್. "ಬಾಗಿಲು ನಿಜ ಹೇಳಿತ್ತು. ನಾನೇ ಅದನ್ನ ನಂಬಲಿಲ್ಲ. ಅಕ್ಕನ ಬೈಬೇಡಿ ಯಾರೂ."

ಗೋದಾಮಿಗೆ ಬೀಗ ಬಿತ್ತು. ಕೀಲಿಕೈ ಒಪ್ಪಿಸಿದ್ದು ನಾನೇ. ಬೇಸಿಗೆ ಮುಗಿಯುವ ಹೊತ್ತಿಗೆ ಹುಡುಗರು ಮತ್ತೆ ಬಾಯ್ಲರ್ ಮನೆಯ ಹಿಂದೆ ಅಚ್ಚು ಎತ್ತತೊಡಗಿದ್ದರು. ಸಾಗಿಂಬೇಕ್ ಒಳಗೆ ಕಲ್ಲಿದ್ದಲು ಹಾಕುತ್ತ ಅವರ ಕೂಗು ಕೇಳಿಸಿಕೊಳ್ಳುತ್ತಿದ್ದ. ಹೊರಗೆ ಬಂದು ಹೇಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದ. ನಾನು ಹೋಗಿ ಹುಡುಗರನ್ನು ಬೈದು ಅಟ್ಟುತ್ತಿದ್ದೆ, ಅವರು ಮಾರನೆಯ ದಿನ ಬರುತ್ತಿದ್ದರು. ಹುಡುಗಿಯ ಮನೆಗೆ ಅವನು ಎರಡು ಸಲ ಹೋದ. ಎರಡು ಸಲವೂ ಮುದುಕರು ಬಾಗಿಲು ತೆರೆಯಲಿಲ್ಲ.

ಅಕ್ಟೋಬರಿನಲ್ಲಿ ತಿದ್ದಿದ ಹುಟ್ಟಿನ ಕಾಗದ ಕೈಗೆ ಬಂತು. ತೆಗೆದುಕೊಂಡು ಹೋದೆ. ನನಗೆ ಬಾಗಿಲು ತೆರೆದದ್ದು ಆ ಮನೆಯ ಸೊಸೆ, ಹುಡುಗಿಯ ಹೆತ್ತವಳು. ಮುದುಕರು ಒಳಕೋಣೆಯಲ್ಲಿ ಕೆಮ್ಮುತ್ತಿದ್ದರು, ಹೊರಗೆ ಬರಲಿಲ್ಲ. ಅಕ್ಮರಾಲ್ ಸೊಂಟಕ್ಕೆ ಗಟ್ಟಿ ಪಟ್ಟಿ ಕಟ್ಟಿಕೊಂಡು ಕಿಟಕಿಯ ಹತ್ತಿರ ಮಲಗಿದ್ದಳು. ಕಾಗದವನ್ನು ಎರಡು ಸಲ ಓದಿದಳು. ಮುಖ ಅರಳಿತು.

"ಅಜೆ, ಹಾಗಾದ್ರೆ ನನಗಿನ್ನೂ ಹದಿಮೂರೇ!"

"ಹೌದು ಮಗಳೇ."

"ಅಗಾಯ್ ಕಟ್ಟಳೆ ಪ್ರಕಾರ ನಾನು ಫೆಬ್ರವರಿವರೆಗೂ ಕಾಯಬೇಕಿತ್ತು. ಈಗ ಕಾಯ್ತೀನಿ. ಆಮೇಲೆ ಮೊದಲಿಂದ ಶುರು ಮಾಡೋಣ ಅಂತ ಅವರಿಗೆ ಹೇಳ್ತೀರಾ?"

ಮನೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ಅವಳ ತಾಯಿ ಬಾಗಿಲಲ್ಲಿ ನಿಂತು ನನ್ನ ಕಡೆ ಕೈಸನ್ನೆ ಮಾಡಿದಳು, ಬೇಡ, ಹೇಳಬೇಡಿ ಎಂದು. ನಾನು ಎಷ್ಟು ಸಲ ಸುಮ್ಮನಿರಲಿ?

"ಇಲ್ಲ ಕಣಮ್ಮಾ," ಎಂದೆ. "ಡಾಕ್ಟರು ಬೇಡ ಅಂದಿದಾರೆ. ಫೆಬ್ರವರಿಗೂ ಇಲ್ಲ, ಅದರ ಮುಂದಿನ ಫೆಬ್ರವರಿಗೂ ಇಲ್ಲ. ಇನ್ನು ಯಾವತ್ತೂ ಕಬ್ಬಿಣ ಎತ್ತೋ ಹಾಗಿಲ್ಲ."

ಅವಳು ಅಳಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿದಳು.

"ಪೊರಕೆ ಕೋಲು?" ಎಂದು ಕೇಳಿದಳು.

"ಅದನ್ನ ಎತ್ತಬಹುದು," ಎಂದೆ.

ಅವಳು ಕಾಗದವನ್ನು ದಿಂಬಿನ ಕೆಳಗಿಟ್ಟು, ಬೆನ್ನು ಬಾಗದಂತೆ, ಸಾಗಿಂಬೇಕ್ ಕಲಿಸಿದ ಹಾಗೆ ಮೊದಲು ಮೊಣಕಾಲು ಮಡಿಸಿ, ಮೆಲ್ಲಗೆ ಗೋಡೆಯ ಕಡೆ ಹೊರಳಿದಳು.